ಹಳೆಯದು ಸಾಕು

ಕೊರೊನಾ ಕಳೆದು ಶಾಲೆಗಳು ಮತ್ತೆ ಬಾಗಿಲು ತೆರೆದ ವರ್ಷ. ನಾನಾಗ ಉದಕಮಂಡಲದ ಹೊರಗೆ ಒಂದು ಟ್ರಸ್ಟ್ ನಡೆಸುತ್ತಿದ್ದ ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಸಿಸ್ಟಮ್ಸ್ ಇನ್‌ಚಾರ್ಜ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಲ್ಯಾಬಿನ ಕಂಪ್ಯೂಟರುಗಳನ್ನು ಬೆಟ್ಟದ ತೇವದಿಂದಲೂ ವೋಲ್ಟೇಜಿನ ಏರಿಳಿತದಿಂದಲೂ ಉಳಿಸಿಕೊಳ್ಳುವುದು. ಈಗ ನಿವೃತ್ತನಾಗಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ಮೊದಲಿನಿಂದಲೂ ಇದೆ. ಆದರೂ ಈ ಪ್ರಕರಣವನ್ನು ಬರೆಯಲು ಕುಳಿತಾಗ ನನ್ನ ನೆನಪಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ಎಲ್ಲಿ ಅನುಮಾನವಿದೆಯೋ ಅಲ್ಲಿ ಹೇಳಿಬಿಡುತ್ತೇನೆ.

ಪ್ರಕರಣದ ನಡುವೆ ಇರುವವರು ಸರೋಜಾ ಟೀಚರ್. ಅಕ್ಷರ ಕಲಿತ ಮೇಲೆ, ಚಿಕ್ಕ ವಯಸ್ಸಿನಲ್ಲೇ, ಜ್ವರವೊಂದರಲ್ಲಿ ಕಣ್ಣು ಕಳೆದುಕೊಂಡವರು. ನಮ್ಮ ಶಾಲೆಯಲ್ಲಿ ಬ್ರೈಲ್ ಕಲಿಸುತ್ತಿದ್ದರು. ನಮ್ಮಿಬ್ಬರ ಮನೆಮಾತೂ ಕನ್ನಡ, ಹಾಗಾಗಿ ಸ್ಟಾಫ್ ರೂಮಿನ ತಮಿಳಿನ ನಡುವೆ ನಮ್ಮದೊಂದು ಸಣ್ಣ ಮೂಲೆ ಇತ್ತು. ನಲವತ್ತು ದಾಟಿದ ಮೇಲೆ ಅವರ ಕಿವಿಯೂ ಮಂದವಾಗತೊಡಗಿತು. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಕಣ್ಣಿಲ್ಲದವರು ಕಂಪ್ಯೂಟರನ್ನು ಸಾಮಾನ್ಯವಾಗಿ ಕಿವಿಯಿಂದ ಬಳಸುತ್ತಾರೆ. ಪರದೆಯ ಮೇಲಿರುವುದನ್ನು ಸಾಫ್ಟ್‌ವೇರ್ ಓದಿ ಹೇಳುತ್ತದೆ. ಆ ದಾರಿ ಅವರಿಗೆ ಮುಚ್ಚುತ್ತಿತ್ತು.

ಉಳಿದದ್ದು ಒಂದೇ ಸಾಧನ, ಬ್ರೈಲ್ ಡಿಸ್‌ಪ್ಲೇ. ಕೀಬೋರ್ಡಿನ ಮುಂದೆ ಇಡುವ ಚಪ್ಪಟೆ ಪೆಟ್ಟಿಗೆ ಅದು. ಮೇಲೆ ಸಾಲಾಗಿ ಸಣ್ಣ ರಂಧ್ರಗಳು, ಅವುಗಳಿಂದ ಏಳುವ ಇಳಿಯುವ ಪಿನ್ನುಗಳು. ಪರದೆಯಲ್ಲಿ ಒಂದು ಸಾಲು ಬಂದರೆ ಪೆಟ್ಟಿಗೆಯ ಮೇಲೆ ಅದೇ ಸಾಲು ಚುಕ್ಕೆಗಳಾಗಿ ಏಳುತ್ತದೆ, ಬೆರಳಾಡಿಸಿ ಓದಬೇಕು. ಟೀಚರ್ ಪೇಪರು ಓದುತ್ತಿದ್ದುದು, ಪಂದಲೂರಿನಲ್ಲಿದ್ದ ತಂಗಿಯ ಮೇಲ್ ಓದುತ್ತಿದ್ದುದು, ಆಫೀಸಿನ ಸರ್ಕ್ಯುಲರ್ ಓದಿ ನಮ್ಮ ಹೆಡ್‌ಮಾಸ್ಟರರ ಇಂಗ್ಲಿಷಿಗೆ ನಗುತ್ತಿದ್ದುದು ಎಲ್ಲ ಅದರಲ್ಲೇ.

ಆದರೆ ಅದನ್ನು ತಯಾರಿಸಿದ ವಿದೇಶಿ ಕಂಪನಿ ಮುಚ್ಚಿಹೋಗಿ ಬಹಳ ಕಾಲವಾಗಿತ್ತು. ಅವರು ಕೊಟ್ಟಿದ್ದ ಸಾಫ್ಟ್‌ವೇರ್ ನಡೆಯುತ್ತಿದ್ದುದು ಟೀಚರ ಮೇಜಿನ ಒಂದೇ ಒಂದು ಹಳೆಯ ಕಂಪ್ಯೂಟರಿನಲ್ಲಿ. ಅದರ ಲೈಸೆನ್ಸ್ ಆ ಯಂತ್ರಕ್ಕೇ ಕಟ್ಟಿಹಾಕಿದ್ದು, ಬೇರೆಯದಕ್ಕೆ ಹಾಕಲು ಬರುತ್ತಿರಲಿಲ್ಲ. ಆ ಕಂಪ್ಯೂಟರನ್ನು ನಾನು ಬೇರೆ ಬೇರೆ ಯಂತ್ರಗಳ ಬಿಡಿಭಾಗ ಹಾಕಿ ಜೀವ ಹಿಡಿಸಿಟ್ಟಿದ್ದೆ.

"ಸಾರ್, ನಿಮ್ಮ ರೋಗಿ ಇವತ್ತು ಬೆಳಿಗ್ಗೆಯಿಂದ ಕೆಮ್ತಾ ಇದೆ" ಎನ್ನುತ್ತಿದ್ದರು ಟೀಚರ್, ಫ್ಯಾನಿನ ನಡುಕವನ್ನು ಅಂಗೈಯಲ್ಲಿ ಹಿಡಿದು.

ಬೆಳ್ಳಿ ಎಂಬವನು ನಮ್ಮಲ್ಲಿಗೆ ಬಂದದ್ದು ಆ ದಿನಗಳಲ್ಲಿ. ಕೂಕಲ್ತೊರೈ ಹಳ್ಳಿಯ, ಕನ್ನಡಕ್ಕೆ ಹತ್ತಿರದ ಮಾತಾಡುವ ಬಡಗ ಜನದ ಹುಡುಗ. ಹುಡುಗ ಎಂದೆ, ಮೂವತ್ತರ ಹತ್ತಿರದವನು. ಕೋತಗಿರಿಯ ಕಡೆ ಒಂದು ಚಹಾ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಬಿಡುವಿನಲ್ಲಿ ಮಾಡುತ್ತಿದ್ದುದು ಬೇರೆ ಕೆಲಸ. ಅಂಧರಿಗಾಗಿ ಪ್ರಪಂಚದ ಬೇರೆ ಬೇರೆ ಕಡೆಯವರು ಸೇರಿ ಬೆಳೆಸುತ್ತಿರುವ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರಿಗೆ ಇವನೂ ಕೋಡ್ ಬರೆಯುತ್ತಿದ್ದ. ಓಪನ್ ಸೋರ್ಸ್ ಎಂದರೆ ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಸಂಬಳವಿಲ್ಲ. ತಮಿಳು ಬ್ರೈಲನ್ನು ಮಕ್ಕಳ ಮುಂದೆ ಪರೀಕ್ಷಿಸಲು ಬಂದವನು ಟೀಚರ ಪೆಟ್ಟಿಗೆಯನ್ನು ನೋಡಿ ಅಲ್ಲೇ ನಿಂತುಬಿಟ್ಟ.

"ಇದಕ್ಕೆ ಡ್ರೈವರ್ ಬರೆದರೆ ಯಾವ ಹೊಸ ಕಂಪ್ಯೂಟರಿಗೂ ಹಾಕಬಹುದು ಸಾರ್."

ಡ್ರೈವರ್ ಎಂದರೆ ಕಂಪ್ಯೂಟರಿಗೂ ಸಾಧನಕ್ಕೂ ನಡುವಿನ ದುಭಾಷಿ. ಆದರೆ ಈ ಪೆಟ್ಟಿಗೆಯ ಭಾಷೆ ಯಾವುದೆಂದು ಕಂಪನಿ ಎಲ್ಲೂ ಬರೆದಿಟ್ಟಿರಲಿಲ್ಲ. ಒಂದೊಂದೇ ಆಜ್ಞೆ ಕಳಿಸಿ, ಅದು ಏನು ಮಾಡುತ್ತದೆಂದು ನೋಡಿ ಕಂಡುಹಿಡಿಯಬೇಕು. ತಪ್ಪು ಆಜ್ಞೆ ಹೋದರೆ ಅದರ ಫರ್ಮ್‌ವೇರ್, ಅಂದರೆ ಪೆಟ್ಟಿಗೆಯೊಳಗೇ ಇರುವ ಪ್ರೋಗ್ರಾಂ, ಕೆಟ್ಟು ಅದು ಶಾಶ್ವತವಾಗಿ ನಿಂತುಹೋಗಬಹುದು. ಟೀಚರ ಪೆಟ್ಟಿಗೆಯನ್ನು ಹಾಗೆ ಪಣಕ್ಕಿಡಲು ಬರುವಂತಿರಲಿಲ್ಲ. ಅದೇ ಮಾದರಿಯ ಇನ್ನೊಂದು ಬೇಕು. ಕೆಲವು ಪಿನ್ನು ಕೆಟ್ಟಿದ್ದರೂ ನಡೆದೀತು, ಆದರೆ ಅದೇ ಮಾದರಿ. ಬೆಳ್ಳಿ ತನ್ನ ಗುಂಪಿನಲ್ಲಿ ಕೇಳಿದ. ಯಾರಲ್ಲೂ ಇರಲಿಲ್ಲ.

ನನಗೆ ನೆನಪಾದದ್ದು ಮಾದ ಗೌಡರ ಮನೆ. ಕೋತಗಿರಿಯಲ್ಲಿ ಅನುಕೂಲಸ್ಥ ಚಹಾ ಬೆಳೆಗಾರರು. ಅವರ ತಂದೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದಾಗ ನಮ್ಮ ಶಾಲೆಯ ಸಲಹೆಯಂತೆ ಇಂಥದೇ ಪೆಟ್ಟಿಗೆ ತರಿಸಿದ್ದರು. ಮುದುಕರು ಅದನ್ನು ಹೆಚ್ಚು ಬಳಸಲೂ ಇಲ್ಲ, ತೀರಿಕೊಂಡರು. ನಾನೂ ಬೆಳ್ಳಿಯೂ ಒಂದು ಭಾನುವಾರ ಹೋದೆವು.

"ಬಾ ತಮ್ಮಾ, ಕುಳಿ. ಯಾವ ಹಟ್ಟಿ? ಯಾರ ಮಗ?" ಎಂದು ಗೌಡರು ಬೆಳ್ಳಿಯ ವಂಶವನ್ನೆಲ್ಲ ವಿಚಾರಿಸಿ, ಎರಡು ಮದುವೆಗಳ ದಾರಿಯಲ್ಲಿ ಸಂಬಂಧ ಹುಡುಕಿ ತೆಗೆದರು. ಆ ಕ್ಷಣದಿಂದ ಅವರು ಮಾಮ, ಇವನು ಅಳಿಯ. ಊಟವಿಲ್ಲದೆ ಕಳಿಸಲಿಲ್ಲ. ವಿಷಯ ಹೇಳಿದೆವು. ಟೀಚರ ಸ್ಥಿತಿ ಕೇಳಿ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಗೌಡರು ತಟ್ಟನೆ, "ನಾ ಕೊಡ್ತೆ. ಏನ ಬೇಕು ಹೇಳು" ಎಂದರು.

ಬೆಳ್ಳಿ ನಾಚಿ, ತಲೆ ತಗ್ಗಿಸಿ ಹೇಳಿದ: "ಹಳೆದು ಸಾಕು ಮಾಮಾ."

ಅವನು ಅಂದದ್ದು ‘ಸಾಕು’ ಎಂದೇ ನನಗೆ ನೆನಪು. ‘ಹಳೆದೇ ಬೇಕು’ ಎಂದೆ ಅಂತ ಬೆಳ್ಳಿ ಆಮೇಲೆ ವಾದಿಸಿದ. ಆ ದಿನದ ನನ್ನ ದಿನಚರಿಯಲ್ಲಿ ‘ಗೌಡರು ಒಪ್ಪಿದರು, ಅವರೆ ಸಾರು ಚೆನ್ನಾಗಿತ್ತು’ ಎಂದಷ್ಟೇ ಇದೆ. ನಾನು ಅವನ ಮಾತನ್ನು ತಿರುಗಿ ಬಿಡಿಸಿ ಹೇಳಿದೆನೇ? ಹೇಳಿದೆ ಅನಿಸುತ್ತದೆ. ಅನಿಸುವುದಕ್ಕೂ ಹೇಳಿದ್ದಕ್ಕೂ ಇರುವ ದೂರ ಅಳೆಯಲು ನನ್ನ ಹತ್ತಿರ ಏನೂ ಇಲ್ಲ.

ಮುಂದಿನ ವಾರ ಗೌಡರು ಶಾಲೆಗೆ ಬಂದರು. ಕಾರಿನ ತುಂಬ ನೆಂಟರು, ಮಕ್ಕಳಿಗೆ ಊಟಿಯ ವರ್ಕಿ ಬಿಸ್ಕತ್ತಿನ ಡಬ್ಬಗಳು. ಹೆಡ್‌ಮಾಸ್ಟರ್ ಅಸೆಂಬ್ಲಿಯನ್ನೇ ಕರೆದರು. ಗೌಡರು ಬೆಳ್ಳಿಗೆ ಶಾಲು ಹೊದಿಸಿ, ಹೊಳೆಯುವ ಕಾಗದ ಸುತ್ತಿದ ಪೆಟ್ಟಿಗೆ ಕೈಗಿಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ಒಳಗೆ ಇದ್ದದ್ದು ಹೊಚ್ಚ ಹೊಸ ಲ್ಯಾಪ್‌ಟಾಪ್.

ಬೆಳ್ಳಿ ಪೆಟ್ಟಿಗೆಯ ತಳದವರೆಗೂ ಕೈ ಹಾಕಿ ನೋಡಿದ. "ಮಾಮಾ, ಅಯ್ಯನ ಪೆಟ್ಟಿ?"

"ಅದಾ? ಈ ಕೆಲಸಕ್ಕೇ ಅಂತ ಅಟ್ಟದಿಂದ ಇಳಿಸಿದೆ. ನೋಡಿದರೆ ಬೂಷ್ಟು ಹಿಡಿದಿತ್ತು, ನಾಚಿಕೆ ಆತು. ಉಳಿದ ಸಾಮಾನಿನ ಸಂಗಡ ಕಾಯಲಾಂಕಡೆಗೆ ಹಾಕಿಬಿಟ್ಟೆ."

ಕಾಯಲಾಂಕಡೆ ಎಂದರೆ ಗುಜರಿ ಅಂಗಡಿ.

"ನಮಗೆ ಅದೇ ಬೇಕಿತ್ತಲ್ಲ ಮಾಮಾ!"

ಗೌಡರು ನಗುತ್ತಲೇ ಇದ್ದರು. "ನೀ ಮರ್ಯಾದಸ್ಥ, ಹಳೆದು ಸಾಕು ಅಂದೆ. ಹಳೆದು ಸಾಕು ಅಂದವನಿಗೆ ಹಳೆದೇ ಕೊಟ್ಟರೆ ನಾ ಮನುಷ್ಯನಾ? ಸತ್ತವರ ಮುರುಕು ಸಾಮಾನ ಒಬ್ಬ ಟೀಚರಿಗೆ ದಾನ ಕೊಡುದಾ?" ಎಂದರು. ಆಮೇಲೆ ನಮ್ಮಿಬ್ಬರ ಮುಖ ನೋಡಿದರು. ನಗು ನಿಂತಿತು.

ಅವರ ಮೇಲೆ ನನಗೆ ಆಗಲೂ ಕೋಪ ಬರಲಿಲ್ಲ, ಈಗಲೂ ಇಲ್ಲ. ನಮ್ಮ ಕಡೆ ಬೇಡಲು ಬಂದವರು ‘ಒಂದು ಲೋಟ ನೀರು ಸಾಕು’ ಎನ್ನುತ್ತಾರೆ, ಮನೆಯವರು ಕಾಫಿ ಕೊಡುತ್ತಾರೆ. ಬರೀ ನೀರು ಕೊಟ್ಟರೆ ಅದು ಅವಮಾನ. ಗೌಡರು ಕಾಫಿ ಕೊಟ್ಟಿದ್ದರು.

ನೆಂಟರನ್ನು ಶಾಲೆಯಲ್ಲೇ ಬಿಟ್ಟು, ಅದೇ ಕಾರಿನಲ್ಲಿ ನಮ್ಮನ್ನು ಕೂರಿಸಿಕೊಂಡು ಗೌಡರೇ ಕೋತಗಿರಿಯ ಗುಜರಿ ಅಂಗಡಿಗೆ ಓಡಿಸಿದರು. ಅಂಗಡಿಯವನು ಮೇಲ್ಮುಚ್ಚಳ ಮಾತ್ರ ತೋರಿಸಿದ. ಒಳಗಿನದನ್ನು ಲೋಹದ ಆಸೆಗೆ ಸುತ್ತಿಗೆಯಲ್ಲಿ ಒಡೆದು ಬಿಡಿಸಿದ್ದರು. ಲೋಡು ಆಗಲೇ ಘಾಟಿ ಇಳಿದು ಮೇಟ್ಟುಪಾಳಯಂ ಕಡೆ ಹೋಗಿತ್ತು. ಗೌಡರು ಹೊಸ ಡಿಸ್‌ಪ್ಲೇಯ ಬೆಲೆ ಕೇಳಿದರು, ಹೇಳಿದೆ, ಲ್ಯಾಪ್‌ಟಾಪಿನದಕ್ಕಿಂತ ಹಲವು ಪಟ್ಟು. ಕಾರಿನ ಕಡೆ ತಿರುಗಿದರು. ಟ್ರಸ್ಟಿಗೂ ನಾನು ಅರ್ಜಿ ಹಾಕಿದೆ. ಈ ವರ್ಷ ಹಾಸ್ಟೆಲಿನ ಮಾಡಿನ ರಿಪೇರಿ ಎಂದರು. ಮಾಡು ಸೋರುತ್ತಿದ್ದದ್ದೂ ನಿಜ.

ಮುಂಗಾರಿನಲ್ಲಿ ಟೀಚರ ಕಂಪ್ಯೂಟರ್ ಸತ್ತಿತು. ಈ ಸಲ ಮದರ್‌ಬೋರ್ಡ್, ನನ್ನ ಕೈ ಮೀರಿದ್ದು. ಕೆಲವು ದಿನಗಳ ನಂತರ ಟೀಚರ್ ಬೆಳ್ಳಿಯನ್ನು ಕರೆಸಿ, ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಕಡೆ ತಳ್ಳಿದರು.

"ತಗೋ, ಇದರ ಮೇಲೇ ನೋಡು."

ಅವನು ಅವರ ಬಲಗಿವಿಯ ಬಳಿ ಬಾಗಿ ಕೂಗಿದ: "ಕೆಟ್ಟು ಹೋದರೆ ಟೀಚರ್?"

"ಈಗೇನು ಹಾಡ್ತಾ ಇದೆಯಾ?"

ಬೆಳ್ಳಿ ಅದನ್ನು ಮನೆಗೆ ಒಯ್ಯಲು ಒಪ್ಪಲಿಲ್ಲ. ರಜೆಯ ದಿನಗಳಲ್ಲಿ ನಮ್ಮ ಲ್ಯಾಬಿಗೇ ಬಂದು, ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡಿದ. ಮಳೆ ನಿಲ್ಲುವ ಹೊತ್ತಿಗೆ ಒಂದು ಮಧ್ಯಾಹ್ನ ಪಿನ್ನುಗಳು ಟಕ್ಕೆಂದು ಎದ್ದವು. ಟೀಚರ್ ಬೆರಳಿಟ್ಟು ಓದಿ, "ವಣಕ್ಕಂ ಅಂತ ಬರೆಯೋಕೆ ಹೋಗಿ ಒಂದು ‘ಕ್’ ನುಂಗಿದ್ದೀಯಲ್ಲೋ!" ಎಂದು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಎಷ್ಟೋ ತಿಂಗಳಿಂದ ಕೇಳಿರಲಿಲ್ಲ. ಬೆಳ್ಳಿ ನನ್ನ ಕೈ ಹಿಡಿದುಕೊಂಡಿದ್ದ.

ಮೂಡುವುದು ಆ ಒಂದು ಸಾಲು ಮಾತ್ರ. ಮುಂದಿನ ಸಾಲಿಗೆ ಹೋಗುವ ಆಜ್ಞೆ ಸಿಕ್ಕಿರಲಿಲ್ಲ. ಅದನ್ನು ಹುಡುಕುತ್ತಿದ್ದ ಇನ್ನೊಂದು ದಿನ, ಅವನು ಏನೋ ಕಳಿಸಿದ ತಕ್ಷಣ ಪೆಟ್ಟಿಗೆಯ ಪಿನ್ನುಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಇಳಿಯಲಿಲ್ಲ. ಕರೆಂಟು ತೆಗೆದು ಮತ್ತೆ ಕೊಟ್ಟ, ಕೇಬಲ್ ಬದಲಿಸಿದ. ಪ್ರತಿ ಸಲ ಆನ್ ಮಾಡಿದಾಗಲೂ ಸಾಲಿಡೀ ಎದ್ದು ನಿಲ್ಲುತ್ತಿತ್ತು. ಫರ್ಮ್‌ವೇರ್ ಹೋಗಿತ್ತು.

ಟೀಚರ್ ತಾವೇ ಕೈ ಚಾಚಿ ಎಡದಿಂದ ಬಲಕ್ಕೆ ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು. ಬ್ರೈಲ್ ಬರೆಯುವಾಗ ಒಂದು ಅಕ್ಷರ ತಪ್ಪಾದರೆ ಅಳಿಸಲು ಬರುವುದಿಲ್ಲ. ಅದರ ಆರೂ ಚುಕ್ಕೆಗಳನ್ನು ಒತ್ತಿ ತುಂಬಿಸಿಬಿಡುತ್ತಾರೆ. ಓದುವವರು ಅದನ್ನು ಹೊಡೆದುಹಾಕಿದ ಅಕ್ಷರವೆಂದು ತಿಳಿದು ಮುಂದೆ ಹೋಗುತ್ತಾರೆ. ಮಕ್ಕಳಿಗೆ ಮೊದಲ ತಿಂಗಳೇ ಕಲಿಸುವ ಪಾಠ ಅದು.

"ಪೂರಾ ಸಾಲು ಹೊಡೆದುಹಾಕಿಬಿಟ್ಟಿದೆ" ಎಂದರು ಟೀಚರ್. ಬೆಳ್ಳಿಯ ತಲೆ ಎಲ್ಲಿದೆಯೆಂದು ಕೈಯಿಂದ ಹುಡುಕಿ, ಸವರಿ, ಎದ್ದು ಹೋದರು.

ಅವರು ಆ ಶೈಕ್ಷಣಿಕ ವರ್ಷದ ಕೊನೆಗೆ ಸ್ವಯಂ ನಿವೃತ್ತಿ ತೆಗೆದುಕೊಂಡು ಪಂದಲೂರಿಗೆ, ತಂಗಿಯ ಮನೆಗೆ ಹೋದರು. ಬೆಳ್ಳಿ ಬರೆದ ಅರ್ಧ ಡ್ರೈವರ್ ಇಂದಿಗೂ ನೆಟ್ಟಿನಲ್ಲಿದೆ, ‘ಪರೀಕ್ಷಿಸಿಲ್ಲ, ಸಾಧನ ಲಭ್ಯವಿಲ್ಲ’ ಎಂಬ ಟಿಪ್ಪಣಿಯೊಂದಿಗೆ. ಲ್ಯಾಪ್‌ಟಾಪನ್ನು ಅವನು ಮುಟ್ಟಲಿಲ್ಲ. ಅದು ಆಫೀಸಿಗೆ ಸೇರಿತು.

ಈ ಕೆಲಸ ನನಗೆ ಕಲಿಸಿದ್ದನ್ನು ಕೇಳುವವರಿಗೆ ಹೀಗೆ ಹೇಳುತ್ತಿದ್ದೆ: ಯಂತ್ರವನ್ನು ದಾನ ಕೇಳುವಾಗ ವಿನಯವನ್ನು ಮನೆಯಲ್ಲಿಟ್ಟು ಹೋಗಿ. ‘ಸಾಕು’ ಅನ್ನಬೇಡಿ, ‘ಅದೇ ಬೇಕು, ಬೇರೆ ಏನು ಕೊಟ್ಟರೂ ಬೇಡ’ ಎಂದು ಒರಟಾಗಿ ಹೇಳಿ, ಅಂದೇ ಎತ್ತಿಕೊಂಡು ಬನ್ನಿ. ಒಳ್ಳೆಯ ಸಲಹೆಯೇ. ಆದರೆ ಪಾಠಗಳು ಮುಂದೆ ಬರುವವರಿಗೆ. ಯಾರಿಂದ ಅದನ್ನು ಕಲಿತೆವೋ ಅವರಿಗೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ. ಆ ಪೆಟ್ಟಿಗೆ ಏನು ಮಾಡುತ್ತಿತ್ತೆಂದು ನನಗೆ ನಿಜವಾಗಿ ತಿಳಿದದ್ದೂ ಕಳೆದ ವರ್ಷ ಪಂದಲೂರಿಗೆ ಹೋದಾಗಲೇ.

ಟೀಚರಿಗೆ ಈಗ ಎರಡೂ ಕಿವಿ ಕೇಳಿಸುವುದಿಲ್ಲ. ಅಂಗೈ ಮೇಲೆ ಬೆರಳಿನಿಂದ ಬರೆಯಬೇಕು. ಅವರು ಬಾಲ್ಯದಲ್ಲಿ ಕಂಡಿದ್ದು ತಮಿಳು ಅಕ್ಷರ, ಹಾಗಾಗಿ ಕನ್ನಡವನ್ನು ತಮಿಳಿನ ಅಕ್ಷರದಲ್ಲಿ ಬರೆಯುತ್ತೇನೆ. ಊಟ ಆಯಿತಾ, ಮಳೆ ಬರುತ್ತಿದೆ, ಇಷ್ಟು ಸಲೀಸಾಗಿ ಹೋಗುತ್ತದೆ. ಬೆಳ್ಳಿ ಹೇಗಿದ್ದಾನೆ ಎಂದು ಕೇಳಿದರು. ಅವನು ಆ ಗುಂಪು ಬಿಟ್ಟಿದ್ದಾನೆ, ನಾನು ಸಿಕ್ಕಾಗಲೆಲ್ಲ ನಿಮ್ಮ ವಿಷಯ ಕೇಳುತ್ತಾನೆ, ಆದರೆ ಎದುರಿಗೆ ಬರಲು ಧೈರ್ಯವಿಲ್ಲ ಎನ್ನುತ್ತಾನೆ ಎಂದು ಬರೆಯತೊಡಗಿದೆ. ನಡುವೆಯೇ ಅವರು ತಲೆಯಾಡಿಸಿದರು.

"ಗೊತ್ತಾಗ್ಲಿಲ್ಲ ಸಾರ್. ಮೊದಲಿಂದ ಬರೀರಿ."

ಅವರ ಅಂಗೈಯನ್ನು ನನ್ನ ಕೈಯಿಂದ ಒರೆಸಿ, ಮೊದಲಿಂದ ಬರೆದೆ: ಸುಖ.

"ಸಂತೋಷ" ಎಂದರು.