ನೀರು ಮುಟ್ಟಿದ ನಲವತ್ತೊಂದು ಕಲ್ಲುಗಳು

ನಮ್ಮ ಸೀಮೆಯಲ್ಲಿ ಭೂವಿಜ್ಞಾನ ಓದಿದವರಲ್ಲಿ, ಶ್ರೀ ಸುಧಾಕರ ಶೆಟ್ಟರು ಸೀಳಿಕೊಟ್ಟ ಕಲ್ಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡದೆ ಪದವಿ ಪಡೆದವರು ವಿರಳ. ಬಂಡೆಯ ತುಂಡನ್ನು ಕೂದಲೆಳೆಗಿಂತ ತೆಳುವಾಗಿ ಅರೆದು, ಬೆಳಕು ಅದರೊಳಗಿಂದ ಹಾದುಹೋಗುವಂತೆ ಗಾಜಿನ ಮೇಲೆ ಕೂರಿಸುವುದು ಅವರ ವಿದ್ಯೆ. ಅವರ ಹೆಸರು ಯಾವ ಸಂಶೋಧನ ಪ್ರಬಂಧದ ಮುಖಪುಟದಲ್ಲೂ ಇಲ್ಲ. ಅವರಿಲ್ಲದಿದ್ದರೆ ಆ ಪ್ರಬಂಧಗಳಲ್ಲಿ ಅರ್ಧದಷ್ಟು ಹುಟ್ಟುತ್ತಲೂ ಇರಲಿಲ್ಲ. ಮೂಡುಬಿದಿರೆಯ ನಮ್ಮ ಕಾಲೇಜಿನಲ್ಲಿ ಮೂವತ್ತು ವರ್ಷ ಪ್ರಯೋಗಾಲಯದ ಸಹಾಯಕರಾಗಿ ದುಡಿದು ಅವರೀಗ ನಿವೃತ್ತರಾಗುತ್ತಿದ್ದಾರೆ. ಈ ಅಭಿನಂದನ ಗ್ರಂಥದ ಸಮಿತಿಯವರು ಸಾಧನೆಗಳ ಪಟ್ಟಿ ಕೇಳಲು ಹೋದಾಗ ಅವರು ಬಹಳ ಹೊತ್ತು ತಲೆ ಕೆರೆದುಕೊಂಡು, "ಶಹಲಾಳ ನಲವತ್ತೊಂದು ಕಲ್ಲು ಹಾಳು ಮಾಡಿದ್ದೇನೆ. ಅದನ್ನು ಬರೆಯಿರಿ ಮಾರಾಯ್ರೆ, ಬೇರೆ ಎಂತ ಉಂಟು?" ಎಂದರು. ಸನ್ಮಾನದ ಸುದ್ದಿ ಹೊತ್ತು ಹೋದವರು ತಪ್ಪೊಪ್ಪಿಗೆ ಹೊತ್ತು ಮರಳಿದರು. ಇದನ್ನು ಹೇಗೆ ಅಚ್ಚು ಹಾಕುವುದೆಂದು ಸಮಿತಿಗೆ ಇವತ್ತಿಗೂ ತಿಳಿದಿಲ್ಲ.

ವಾಮದಪದವಿನ ಶೆಟ್ಟರು ಮೂವತ್ತನೆಯ ವಯಸ್ಸಿನವರೆಗೆ ಬಿ.ಸಿ.ರೋಡಿನ ಗ್ರಾನೈಟ್ ಅಂಗಡಿಯೊಂದರಲ್ಲಿ ಅಡುಗೆಮನೆಯ ಕಟ್ಟೆಗೆ ಹಾಸುಗಲ್ಲು ಕೊಯ್ಯುತ್ತಿದ್ದರು. ಒಂದು ದಿನ ಅಲ್ಲಿಗೆ ವೇಣೂರಿನ ಅನಂತಮತಿಯವರು ಬಂದರು. ಇಂದು ನಮ್ಮ ವಿಭಾಗದ ಮುಖ್ಯಸ್ಥೆಯಾಗಿರುವ ಅವರು ಆಗಷ್ಟೇ ಅಧ್ಯಾಪಕಿಯಾಗಿ ಸೇರಿದ್ದರು. ಶೆಟ್ಟರ ಕೈಯ ಹದವನ್ನು ನೋಡುತ್ತ ನಿಂತು, "ಇದಕ್ಕಿಂತ ತೆಳು ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

"ಎಷ್ಟು ತೆಳು?"

"ಕಲ್ಲಿನ ಅಡಿಗೆ ಪೇಪರ್ ಇಟ್ಟರೆ ಅಕ್ಷರ ಓದ್ಲಿಕ್ಕೆ ಆಗ್ಬೇಕು."

ಈ ಹೆಂಗಸಿಗೆ ತಲೆ ಸರಿಯಿಲ್ಲವೆಂದು ಶೆಟ್ಟರಿಗೆ ಖಾತ್ರಿಯಾಯಿತು. ಆದರೂ ಒಂದು ವಾರದೊಳಗೆ ಅಂಥದೊಂದು ಕಲ್ಲು ಸಿದ್ಧವಾಯಿತು, ಮುಂದಿನ ತಿಂಗಳು ಕಾಲೇಜಿನ ನೇಮಕಾತಿಯೂ ಆಯಿತು.

ಅವರ ಸೇವೆಯ ಕತೆಯೆಂದರೆ ಅವರ ಶುಚಿಯ ಕತೆ. ಯಾವ ಕಲ್ಲೇ ಬರಲಿ, ನೀರು ಬಿಟ್ಟುಕೊಂಡು ಕೊಯ್ದು, ಉಜ್ಜಿ ತೊಳೆದು, ಒಂದು ಇಡೀ ದಿನ ತಟ್ಟೆಯ ನೀರಿನಲ್ಲಿ ನೆನೆಸಿದ ಮೇಲೆಯೇ ಮುಂದಿನ ಕೆಲಸ. ಮಕ್ಕಳ ಮೇಲೆ ಅವರಿಗಿದ್ದ ಅಕ್ಕರೆಯೂ ಗೊಣಗಾಟದ ರೂಪದಲ್ಲಿಯೇ ಹೊರಬರುತ್ತಿತ್ತು. ಬೆಳ್ತಂಗಡಿಯಿಂದ ಬರುತ್ತಿದ್ದ ರೋಹಿತ್ ಎಂಬ ವಿದ್ಯಾರ್ಥಿ ಪರೀಕ್ಷೆಯ ಮುನ್ನಾದಿನ ತನ್ನ ಗಾಜನ್ನು ಒಡೆದುಕೊಂಡಾಗ, ಹೊಸತನ್ನು ಮಾಡಿಕೊಡಲು ತಗುಲಿದ ಅಷ್ಟೂ ಹೊತ್ತು ಬೈದು, ಕೊನೆಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದವರು ಅವರು.

ಶಹಲಾ ಬಂದದ್ದು ಹತ್ತು ವರ್ಷಗಳ ಹಿಂದೆ. ಬಿ.ಸಿ.ರೋಡಿನ ಹುಡುಗಿ, ಅನಂತಮತಿಯವರ ಸಂಶೋಧನ ವಿದ್ಯಾರ್ಥಿನಿ. ಅವಳ ವಿಷಯ ನಮ್ಮ ಕರಾವಳಿಯ ಕೆಂಪು ಮುರಕಲ್ಲಲ್ಲ. ದೂರದ ಎಣ್ಣೆ ಬಾವಿಯೊಂದರ ಆಳದಿಂದ ತೆಗೆದ ಮರಳುಗಲ್ಲು. ಅಂಥ ಕಲ್ಲಿನಲ್ಲಿ ಮರಳಿನ ಕಣಗಳ ನಡುವೆ ಸಂದುಗಳಿರುತ್ತವೆ. ನೆಲದಡಿ ಹರಿದ ಒಂದೊಂದು ನೀರೂ ತಾನು ಹೊತ್ತು ತಂದ ಖನಿಜವನ್ನು ಆ ಸಂದುಗಳಲ್ಲಿ ಗಾರೆಯಂತೆ ಮೆತ್ತಿ ಹೋಗುತ್ತದೆ. ಯಾವ ಗಾರೆಯ ಮೇಲೆ ಯಾವ ಗಾರೆ ಕೂತಿದೆಯೆಂದು ಓದಿದರೆ, ಕೋಟ್ಯಂತರ ವರ್ಷಗಳಲ್ಲಿ ಯಾವ ನೀರು ಮೊದಲು ಬಂತು, ಯಾವುದು ಆಮೇಲೆ ಬಂತು, ಎಣ್ಣೆಗೆ ಜಾಗ ಉಳಿಯಿತೇ ಇಲ್ಲವೇ ಎಂಬುದೆಲ್ಲ ತಿಳಿಯುತ್ತದೆ. ಖಾಲಿ ಸಂದುಗಳು ಎದ್ದು ಕಾಣಲೆಂದು ಕಲ್ಲಿಗೆ ನೀಲಿ ಬಣ್ಣದ ಅಂಟು ಕುಡಿಸುವುದು ವಾಡಿಕೆ. ಶೆಟ್ಟರು ಅವಳ ನಲವತ್ತೊಂದು ಕಲ್ಲುಗಳನ್ನು ಎಂದಿನಂತೆ ತೊಳೆದು, ನೆನೆಸಿ, ನೀಲಿ ಕುಡಿಸಿ ಸಿದ್ಧಪಡಿಸಿದರು. ನೋಡಿದರೆ ಎಲ್ಲೆಲ್ಲೂ ನೀಲಿ.

ಗೊಂದಲ ಶುರುವಾದದ್ದು ಅಲ್ಲಿಂದ. ಎಣ್ಣೆ ಬಾವಿಯವರು ಅಳೆದಾಗ ಆ ಕಲ್ಲಿನೊಳಗೆ ಏನೂ ಹರಿಯುತ್ತಿರಲಿಲ್ಲ; ಶಹಲಾಳ ಗಾಜಿನಲ್ಲಿ ನೋಡಿದರೆ ಬೇಕಾದಷ್ಟು ಖಾಲಿ ಜಾಗ. ಅನಂತಮತಿಯವರು ಎರಡು ಸಲ ಪತ್ರ ಬರೆದು ಕೇಳಿದರು. ಬಾವಿಯವರು ತಮ್ಮ ಅಳತೆಯೇ ಸರಿ ಎಂದರು. ವರ್ಷವಿಡೀ ತಲೆ ಕೆಡಿಸಿಕೊಂಡ ಶಹಲಾ ಕೊನೆಗೊಂದು ದಾರಿ ಹುಡುಕಿದಳು: ಎಲ್ಲಕ್ಕೂ ಕೊನೆಯಲ್ಲಿ ಯಾವುದೋ ನೀರು ನುಗ್ಗಿ, ಹಳೆಯ ಗಾರೆಯನ್ನು ಕರಗಿಸಿಕೊಂಡು ಹೋಗಿದೆ. ಪ್ರಬಂಧದ ಮುಖ್ಯ ಅಧ್ಯಾಯ ಅದೇ ಆಯಿತು. ಜೂನ್ ಕೊನೆಯೊಳಗೆ ಅದನ್ನು ಸಲ್ಲಿಸಿದರೆ ದೊಡ್ಡ ಪ್ರಯೋಗಾಲಯವೊಂದರಲ್ಲಿ ಕೆಲಸವೂ ಕಾದಿತ್ತು.

ಮೇ ತಿಂಗಳ ರಜೆ ಮುಗಿಸಿ ಬಂದ ಶೆಟ್ಟರು ಪ್ರಯೋಗಾಲಯದ ಬಾಗಿಲು ತೆರೆದರು. ಮತ್ತೊಮ್ಮೆ ನೋಡಲೆಂದು ಶಹಲಾ ಕೇಳಿದ್ದ ಆರು ತುಂಡುಗಳನ್ನು ರಜೆಗೆ ಮುಂಚೆ ನೆನೆಸಿದ್ದ ತಟ್ಟೆಯನ್ನು ತೊಳೆಯಲು ಮರೆತಿದ್ದರು. ಸೆಕೆಗೆ ನೀರು ಆರಿ ತಳದಲ್ಲಿ ಬಿಳಿ ಪುಡಿ ನಿಂತಿತ್ತು, ಅದರಲ್ಲಿ ಸಣ್ಣ ಸಣ್ಣ ಚೌಕದ ಹರಳುಗಳು. ಬೆರಳಿಗೆ ಹತ್ತಿಸಿ ನಾಲಗೆಗಿಟ್ಟರು. ಉಪ್ಪು.

ಸಮುದ್ರ ಎಲ್ಲಿ, ಮೂಡುಬಿದಿರೆ ಎಲ್ಲಿ? ನಲ್ಲಿಯ ನೀರು ಕುಡಿದು ನೋಡಿದರು, ಸಪ್ಪೆ. ಯಾರೋ ಊಟದ ಬುತ್ತಿ ಚೆಲ್ಲಿರಬಹುದೆಂದು ತಟ್ಟೆ ತಿಕ್ಕಿದರು. ವಾಮದಪದವಿನ ತಮ್ಮ ಮನೆಯ ಬಾವಿಯ ನೀರನ್ನು ಬಾಟಲಿಯಲ್ಲಿ ತಂದು, ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ತುಂಡನ್ನು ಅದರಲ್ಲಿ ನೆನೆಸಿ ಒಣಗಿಸಿದರು. ಮತ್ತೆ ಉಪ್ಪು. ತಾನೇ ಎಲ್ಲೋ ತಪ್ಪುತ್ತಿದ್ದೇನೆ ಎಂದುಕೊಂಡು ಇನ್ನೊಂದು ತುಂಡನ್ನು ನೀರು ಮುಟ್ಟಿಸದೆ, ಸೀಮೆಎಣ್ಣೆ ಬಿಟ್ಟುಕೊಂಡು ಕೊಯ್ದು, ನೀಲಿ ಅಂಟು ಹಾಕಿ ನೋಡಿದರು. ನೀಲಿ ಒಳಗೆ ಹೋಗಲೇ ಇಲ್ಲ. ಸಂದುಗಳೆಲ್ಲ ತಿಳಿಯಾದ ಉಪ್ಪಿನಿಂದ ತುಂಬಿದ್ದವು.

ಆಮೇಲಿನ ಹನ್ನೊಂದು ದಿನ ಶೆಟ್ಟರು ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಆ ಹುಡುಗಿಯ ಕೆಲಸ ಹೋಗುತ್ತದೆ, ಇಪ್ಪತ್ತಮೂರು ವರ್ಷ ಎಲ್ಲರೂ ಹೊಗಳಿದ ತಮ್ಮ ಶುಚಿಯ ಮಾನವೂ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಅವರಿಗೆ ಹೆಚ್ಚು ಹಿಂಸೆ ಕೊಟ್ಟದ್ದು. ಮನೆಯ ದಾರಿಯ ಸಿದ್ಧಕಟ್ಟೆಯಲ್ಲಿ ಇಳಿಯುವ ಕೆಲಸವೇ ಇಲ್ಲದಿದ್ದರೂ ಒಂದು ಸಂಜೆ ಅಲ್ಲಿ ಬಸ್ಸಿಳಿದು, ಯಾಕೆ ಇಳಿದೆನೆಂದು ತಿಳಿಯದೆ ಮುಂದಿನ ಬಸ್ಸಿಗೆ ಕಾದರಂತೆ.

ಹನ್ನೆರಡನೆಯ ದಿನ ಅವರು ಶಹಲಾಳ ಮೇಜಿನ ಮುಂದೆ ನಿಂತರು. ಅವಳು ಕೊನೆಯ ಅಧ್ಯಾಯ ತಿದ್ದುತ್ತಿದ್ದಳು.

"ನೀನು ಬರೆದದ್ದು ಉಂಟಲ್ಲ, ಕೊನೆಗೆ ಬಂದ ನೀರು. ಅದು ನಮ್ಮ ನಲ್ಲಿಯ ನೀರು."

"ಎಂತ ಹೇಳ್ತೀರಿ ಸುಧಾಕರಣ್ಣ?"

"ಕಲ್ಲಿನ ಒಳಗೆ ಉಪ್ಪು ಇತ್ತು. ನಾನು ತೊಳೆದು ತೆಗ್ದೆ. ಚಿಮಿಣಿ ಎಣ್ಣೆಯಲ್ಲಿ ಕೊಯ್ದದ್ದು ಇಲ್ಲುಂಟು, ನೋಡು."

ಅವಳು ನೋಡಿದಳು. ಕಣ್ಣೆತ್ತದೆಯೇ ಕೇಳಿದಳು: "ಯಾವಾಗ ಗೊತ್ತಾಯ್ತು ನಿಮಗೆ?"

"ಹನ್ನೊಂದು ದಿನ ಆಯ್ತು. ಕಲ್ಲು ಹಾಳಾದದ್ದು ಗೊತ್ತಿಲ್ಲದೆ. ಈ ಹನ್ನೊಂದು ದಿನ ಗೊತ್ತಿದ್ದೇ."

ಶಹಲಾ ಚೀಲ ಹೆಗಲಿಗೇರಿಸಿ ಹೊರಟುಹೋದಳು. ಒಂದು ವಾರ ಅವರೊಡನೆ ಮಾತಾಡಲಿಲ್ಲ. ಅನಂತಮತಿಯವರು ಗಾಜನ್ನು ತಿರುತಿರುಗಿಸಿ ನೋಡಿ, "ನಗ್ಬೇಕಾ ಅಳ್ಬೇಕಾ ಗೊತ್ತಾಗುದಿಲ್ಲ ಶೆಟ್ರೆ" ಎಂದರು. ಮರಳುಗಲ್ಲಿನ ಕೆಲಸ ವಿಭಾಗಕ್ಕೆ ಹೊಸತು. ನೀರು ಬೇಡವೆಂದು ಹೇಳಬೇಕಾಗಿದ್ದವಳು ತಾನೇ ಎಂದು ಅವರೂ ಒಪ್ಪಿಕೊಂಡರು.

ಆ ಜೂನ್ ಹೋಯಿತು, ಕೆಲಸವೂ ಹೋಯಿತು. ಉಳಿಕೆ ತುಂಡು ಇದ್ದದ್ದು ಇಪ್ಪತ್ತಾರು ಕಲ್ಲುಗಳಿಗೆ ಮಾತ್ರ. ಹದಿನೈದರ ಉಪ್ಪು ಮೂಡುಬಿದಿರೆಯ ಚರಂಡಿ ಸೇರಿ ಆಗಿತ್ತು. ಸೀಮೆಎಣ್ಣೆಯ ವಾಸನೆಗೆ ಮನೆಯಲ್ಲಿ ಬೈಸಿಕೊಳ್ಳುತ್ತ ಶೆಟ್ಟರು ಆ ಇಪ್ಪತ್ತಾರನ್ನೂ ಹೊಸದಾಗಿ ಕೊಯ್ದರು. ಹದಿನಾಲ್ಕು ತಿಂಗಳು ತಡವಾಗಿ ಶಹಲಾ ಬೇರೆಯೇ ಕತೆ ಬರೆದಳು: ಸುಣ್ಣದ ನೀರು ಮೊದಲು ಬಂತು, ಉಪ್ಪಿನ ನೀರು ಕೊನೆಗೆ ಬಂದು ಸಂದುಗಳನ್ನೆಲ್ಲ ಮುಚ್ಚಿತು, ಎಣ್ಣೆಗೆ ದಾರಿಯೇ ಉಳಿಯಲಿಲ್ಲ. ಬಾವಿಯವರ ಅಳತೆಗೂ ಅವಳ ಮಾತಿಗೂ ಆಗ ತಾಳೆಯಾಯಿತು.

ಶಹಲಾ ಈಗ ಹೊರರಾಜ್ಯದ ವಿಶ್ವವಿದ್ಯಾನಿಲಯವೊಂದರಲ್ಲಿ ಅಧ್ಯಾಪಕಿ. ಹೋದ ತಿಂಗಳು ಊರಿಗೆ ಬಂದವಳು ಒಂಬತ್ತು ಮರಳುಗಲ್ಲುಗಳನ್ನು ತಂದು ಶೆಟ್ಟರ ಮೇಜಿನ ಮೇಲಿಟ್ಟಳು. ಅವಳ ವಿಶ್ವವಿದ್ಯಾನಿಲಯದಲ್ಲಿ ಕಲ್ಲು ಕೊಯ್ಯುವ ಹೊಸ ಯಂತ್ರವೂ ಉಂಟು, ಕಲಿತ ಜನವೂ ಉಂಟು. ಶೆಟ್ಟರು ಕಲ್ಲನ್ನೂ ಅವಳ ಮುಖವನ್ನೂ ನೋಡಿದರು.

"ಪುನಃ ನನ್ನ ಕೈಗೆ ಕೊಡ್ತೀಯಾ ಮಾರಾಯ್ತಿ?"

"ಮತ್ತೆ ಯಾರಿಗೆ ಕೊಡುದು ಅಣ್ಣ? ತಪ್ಪಾದರೆ ಬಂದು ಹೇಳುವವರು ಬೇರೆ ಯಾರುಂಟು?"

ಶೆಟ್ಟರು ಕನ್ನಡಕ ಒರೆಸಿಕೊಂಡು ಒಂಬತ್ತನ್ನೂ ಎಣಿಸಿ ಒಳಗೆ ಕೊಂಡುಹೋದರು. ನಿವೃತ್ತಿಯ ದಿನದೊಳಗೆ ಆ ಕೆಲಸ ಮುಗಿಯುವಂತಿಲ್ಲ. ಮುಗಿಯುವವರೆಗೆ ಬರುತ್ತೇನೆಂದು ಅವರು ಈಗಾಗಲೇ ಹೇಳಿಯಾಗಿದೆ. ಅವರ ಕಣ್ಣು ಮಂಜಾಗದಿರಲಿ, ಕೈ ನಡುಗದಿರಲಿ, ನಮ್ಮ ಕಲ್ಲುಗಳು ಇನ್ನೂ ಬಹುಕಾಲ ಅವರ ಮೇಜಿಗೇ ಹೋಗಲಿ.