ಹಿಂದಿನ ಸೀಟಿನ ನಡುವಿನ ಜಾಗ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಯಾರೋ ಪುಣ್ಯಾತ್ಮರು ಕಳೆದ ತಿಂಗಳು ಒಂದು ಉದ್ದನೆಯ ಸಂದೇಶ ಕಳಿಸಿದ್ದರು. ಕಾರಿನ ಪೆಟ್ರೋಲ್ ಉಳಿಸುವ ಉಪಾಯಗಳು, ಹಿಂದಿಯಲ್ಲಿ. ಟೈರಿನ ಗಾಳಿ ನೋಡಿಕೊಳ್ಳಿ, ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸಿ, ಏಕಾಏಕಿ ಬ್ರೇಕ್ ಒತ್ತಬೇಡಿ. ಎಲ್ಲ ನನಗೆ ಗೊತ್ತಿದ್ದದ್ದೇ. ಹಲ್ಲುಜ್ಜುತ್ತ ಓದುತ್ತಿದ್ದವನು ಐದನೆಯದಕ್ಕೋ ಆರನೆಯದಕ್ಕೋ ಬಂದು ನಿಂತುಬಿಟ್ಟೆ. ಗಾಡಿಯಲ್ಲಿರುವ ಬೇಡವಾದ ಭಾರ ಇಳಿಸಿ ಎಂದಿತ್ತು. ಬಾಯಿತುಂಬ ನೊರೆ ಇಟ್ಟುಕೊಂಡು ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ಹೆಂಡತಿ ಬಂದು ಹರಿಯುತ್ತಿದ್ದ ನಲ್ಲಿ ನಿಲ್ಲಿಸಿ ಹೋದಳು.

ನಾವು ಒಬ್ಬ ಮನುಷ್ಯನನ್ನೇ ಹಾಗೆ ಇಳಿಸಿದವರು. ಅದಕ್ಕೇ ನಿಂತದ್ದು.

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ನಾಗಪುರದ ಹೊರಗೆ ಹಿಂಗಣಾದಲ್ಲಿದ್ದ ನಮ್ಮ ಫ್ಯಾಕ್ಟರಿಗೆ ಊರೊಳಗಿನ ಲಕ್ಷ್ಮೀ ನಗರದಿಂದ ಹೋಗುವ ಕನ್ನಡದವರು ನಾಲ್ಕು ಜನ ಇದ್ದೆವು. ಮೈಸೂರಿನ ರಾವ್, ಬೆಳಗಾವಿಯ ಜೋಶಿ, ಗದಗಿನ ಕಡೆಯ ಹಂಚಿನಾಳ, ಮತ್ತೆ ನಾನು. ನಾನೂ ಗದಗಿನವನೇ. ಪೆಟ್ರೋಲಿನ ಬೆಲೆ ಏರುತ್ತಲೇ ಇದ್ದದ್ದರಿಂದ ಪಾಳಿ ಹಚ್ಚಿಕೊಂಡಿದ್ದೆವು. ಒಂದು ವಾರ ರಾವ್ ಅವರ ಕಾರು, ಒಂದು ವಾರ ಜೋಶಿಯದು, ಒಂದು ವಾರ ನನ್ನದು. ಹಂಚಿನಾಳರಿಗೆ ಕಾರಿರಲಿಲ್ಲ. ಡ್ರೈವಿಂಗೂ ಬರುತ್ತಿರಲಿಲ್ಲ. ಸ್ಟೋರಿನ ಸೆಕ್ಷನ್ನಿನಲ್ಲಿದ್ದರು, ನಮಗಿಂತ ಏಳೆಂಟು ವರ್ಷ ದೊಡ್ಡವರು, ಮೈಕಟ್ಟಿನಲ್ಲಿ ಸಣ್ಣ ಆಳು.

ರಾವ್ ಅವರ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಕಾರು ಇರುವುದು ಊರು ಸುತ್ತುವುದಕ್ಕಲ್ಲ, ಪೆಟ್ರೋಲ್ ಉಳಿಸುವುದಕ್ಕೆ ಎಂದೇ ಅವರು ತಿಳಿದಿದ್ದರು. ಬೆಳಗಿನ ತಂಪಿನಲ್ಲಿ ಪೆಟ್ರೋಲ್ ದಪ್ಪಗಿರುತ್ತದೆ ಎಂದು ಆರು ಗಂಟೆಗೇ ಪಂಪಿಗೆ ಹೋಗುತ್ತಿದ್ದರು. ಇಳಿಜಾರು ಸಿಕ್ಕರೆ ಅವರ ಮುಖ ಅರಳುತ್ತಿತ್ತು, ಆದರೆ ನಾಗಪುರದಲ್ಲಿ ಇಳಿಜಾರು ಎಲ್ಲಿಂದ ಬರಬೇಕು? ಫ್ಲೈಓವರುಗಳೇ ಗತಿ. ಡಿಕ್ಕಿಯಲ್ಲಿದ್ದ ಜಾಕು, ಕೊಡೆ, ಹೆಂಡತಿಯ ಹಳೆಯ ಚಪ್ಪಲಿ ಎಲ್ಲ ಇಳಿಸಿದರು. ಕೊನೆಗೆ ಸ್ಟೆಪ್ನಿಯನ್ನೂ ಇಳಿಸಿ ಮನೆಯ ಬಾಲ್ಕನಿಯಲ್ಲಿಟ್ಟರು. ಅದರ ಮರುವಾರವೇ ಹಿಂಗಣಾ ರಸ್ತೆಯಲ್ಲಿ ಪಂಕ್ಚರ್ ಆಗಿ, ಟೈ ಕಟ್ಟಿಕೊಂಡ ನಾವು ಮೂವರು ಕಾರು ತಳ್ಳಿದೆವು. ಸ್ಟೇರಿಂಗ್ ಹಿಡಿದು ಕೂತಿದ್ದ ರಾವ್, ಈಗ ಪೆಟ್ರೋಲೇ ಖರ್ಚಾಗುತ್ತಿಲ್ಲ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದರು ಎಂದು ನನ್ನ ಗುಮಾನಿ. ನಾನೇನು ಕಡಿಮೆಯಲ್ಲ. ಗಾಳಿ ತಡೆಯುತ್ತವೆ ಎಂದು ಒಂದು ಬೇಸಿಗೆ ಪೂರ್ತಿ ಪಕ್ಕದ ಕನ್ನಡಿಗಳನ್ನು ಮಡಚಿಕೊಂಡೇ ಓಡಾಡಿದ್ದೆ. ಹಿಂದಿನಿಂದ ಬಂದ ಆಟೋದವನು ಬೈದ ಮೇಲೆ ಬಿಟ್ಟೆ.

ಹಂಚಿನಾಳರು ಮೊದಲ ತಿಂಗಳು ಮುಗಿದ ದಿನ ಒಂದು ಕವರು ತಂದಿದ್ದರು. ಪೆಟ್ರೋಲಿನಲ್ಲಿ ತಮ್ಮ ಪಾಲು. ಅವತ್ತು ನನ್ನ ಕಾರಿನ ಸರದಿ, ಉತ್ತರ ಕೊಟ್ಟವನೂ ನಾನೇ. “ನಮ್ಮವ್ರ ಕಡೆ ರೊಕ್ಕ ತಗೊಂಡ್ರ ಹೆಂಗ್ರಿ ಸರ್? ಗಾಡಿ ಹೆಂಗೂ ಹೊಕ್ಕೈತಿ, ನೀವೊಬ್ರು ಕುಂತ್ರ ಏನ್ ಹೆಚ್ಚಿಗಿ ಪೆಟ್ರೋಲ್ ಕುಡೀತೈತೇನು?” ಎಂದೆ. ಜೋಶಿ ಭೇಷ್ ಎಂದ. ರಾವ್ ಅವರ ಮುಖದಲ್ಲಿ ಅಂಥ ಉತ್ಸಾಹವೇನೂ ಕಾಣಲಿಲ್ಲ, ಆದರೂ ಛೇ ಛೇ ಎಂದು ಅವರೂ ಕೈ ಅಲ್ಲಾಡಿಸಿದರು. ಪರವೂರಿನಲ್ಲಿ ಕನ್ನಡದವರು ಕನ್ನಡದವರಿಗೆ ಕಾರಿನಲ್ಲಿ ಜಾಗ ಕೊಟ್ಟು ಹಣ ಇಸಿದುಕೊಳ್ಳುವುದೇ? ಎರಡನೆಯ ತಿಂಗಳೂ ಕವರು ಬಂತು, ಹಾಗೇ ವಾಪಸಾಯಿತು. ಮೂರನೆಯ ತಿಂಗಳು ಬರಲಿಲ್ಲ.

ಅದರ ಬದಲು ಅವರು ಬೇರೆ ಏನೇನೋ ತರತೊಡಗಿದರು. ಚಳಿಗಾಲದಲ್ಲಿ ಕಿತ್ತಳೆ ಸುಲಿದು, ನಾರು ಬಿಡಿಸಿ, ಓಡಿಸುತ್ತಿದ್ದವರ ಕೈಗೆ ತೊಳೆ ತೊಳೆಯಾಗಿ ಕೊಡುತ್ತಿದ್ದರು. ಯಾವ ಸಿಗ್ನಲ್ಲು ಎಷ್ಟು ಹೊತ್ತಿಗೆ ಹಸಿರಾಗುತ್ತದೆ ಎಂದು ಬಾಯಿಪಾಠ ಮಾಡಿಕೊಂಡಿದ್ದರು. ಈಗ ಸಾವಕಾಶ ಹೋಗ್ರಿ, ಈಗ ಬಿಡ್ರಿ ಎಂದು ಹಿಂದಿನಿಂದ ಹೇಳುತ್ತಿದ್ದರೆ ಎಷ್ಟೋ ದಿನ ನಾವು ಎಲ್ಲೂ ನಿಲ್ಲದೆ ಫ್ಯಾಕ್ಟರಿ ಮುಟ್ಟುತ್ತಿದ್ದೆವು. ಕೂರುತ್ತಿದ್ದದ್ದು ಮಾತ್ರ, ಕಿಟಕಿಯ ಪಕ್ಕ ಖಾಲಿ ಇದ್ದರೂ, ಯಾವಾಗಲೂ ಹಿಂದಿನ ಸೀಟಿನ ನಡುವೆ, ಕಾಲಿಡಲು ಸರಿಯಾದ ಜಾಗವಿಲ್ಲದ ಕಡೆ, ಚೀಲ ತೊಡೆಯ ಮೇಲಿಟ್ಟುಕೊಂಡು. ಇಬ್ಬರೇ ಇದ್ದ ದಿನ ಮುಂದೆ ಬನ್ನಿ ಎಂದರೂ ಬರುತ್ತಿರಲಿಲ್ಲ. ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಮೂಲೆಯಲ್ಲಿ ನಿಂತಿರುತ್ತಿದ್ದರು. ನಾವು ತಡವಾಗಿ ಹೋದರೆ, ತಾವೂ ಈಗಷ್ಟೇ ಬಂದದ್ದು ಎನ್ನುತ್ತಿದ್ದರು. ಮೆಡಿಕಲ್ ಅಂಗಡಿಯ ಮುಂದೆ ಒಂದು ನಿಮಿಷ ನಿಲ್ಲಿಸಿ ಎಂದವರಲ್ಲ, ಕಿಟಕಿ ಇಳಿಸಿ ಎಂದವರಲ್ಲ. ಎಷ್ಟು ಒಳ್ಳೆಯ ಮನುಷ್ಯ ಎಂದು ನಾವು ಹೊಗಳುತ್ತಿದ್ದೆವು.

ನಾಲ್ಕು ವರ್ಷ ಹೀಗೆ ನಡೆಯಿತು. ಆಮೇಲೆ ವಿಜಯಪುರದ ಪಾಟೀಲ ವರ್ಗವಾಗಿ ಬಂದ. ಅವನಿಗೆ ಹೊಸ ಕಾರಿತ್ತು. ನಮ್ಮ ಓಣಿಯಲ್ಲೇ ಮನೆ ಹಿಡಿದ.

ಕ್ಯಾಂಟೀನಿನಲ್ಲಿ ವಿಷಯ ತೆಗೆದವರು ರಾವ್. ಪಾಟೀಲ ಸೇರಿದರೆ ಮೂರು ವಾರಕ್ಕೊಮ್ಮೆ ಬರುವ ಪಾಳಿ ನಾಲ್ಕು ವಾರಕ್ಕೊಮ್ಮೆ ಬರುತ್ತದೆ, ಅದು ಲಾಭ. ಆದರೆ ಐದು ಜನ ಆಗುತ್ತೇವೆ. ಪಾಟೀಲನೂ ದಪ್ಪ, ಜೋಶಿಯೂ ದಪ್ಪ. “ಐದು ಜನ ಕೂತ್ರೆ ಎಸಿ ಹಾಕ್ಲೇಬೇಕು ನೋಡಿ. ಎಸಿ ಹಾಕಿದ್ರೆ ಮೈಲೇಜ್ ಹೋಯ್ತು ಅಂತ್ಲೇ ಲೆಕ್ಕ. ಆಮೇಲೆ ಪಾಳಿ ಮಾಡಿ ಏನು ಪ್ರಯೋಜನ?” ಎಂದರು. ಯಾರನ್ನು ಬಿಡಬೇಕು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಜೋಶಿ ಚಹಾದ ಲೋಟದ ತಳ ನೋಡುತ್ತ, ಅಲ್ಲರಿ, ನಾಲ್ಕು ವರ್ಷ ಪುಕ್ಕಟೆ ಬಂದಾರಲ್ಲ ಎಂದ. ಹಣ ಬೇಡ ಎಂದವರು ನಾವೇ ಎಂಬುದು ಅವತ್ತು ಮೂವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ನನಗೆ ನೆನಪಾಗಿತ್ತು ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಒಂದೇ ಊರಿನ ಕಡೆಯವನಾದ್ದರಿಂದ ಹಂಚಿನಾಳರಿಗೆ ಹೇಳುವ ಕೆಲಸ ನನ್ನ ಕುತ್ತಿಗೆಗೆ ಬಂತು.

ಮೂರು ದಿನ ನಾನು ಅವರ ಮುಖ ತಪ್ಪಿಸಿದೆ. ಕಾರಿನೊಳಗೆ ಮುಖ ತಪ್ಪಿಸುವುದು ಸುಲಭವಲ್ಲ, ನಡುವೆ ಕೂತವರು ಮುಂದಿನ ಕನ್ನಡಿಯಲ್ಲಿ ಬರೋಬರ್ ಎದುರಿಗೇ ಕಾಣುತ್ತಾರೆ. ಅವರು ಸಿಗ್ನಲ್ಲಿನ ಮಾತು ಹೇಳಿದರೆ ನಾನು ಹೂಂ ಎನ್ನುತ್ತಿದ್ದೆ, ಅಷ್ಟೇ. ಗುರುವಾರ ಗೇಟಿನಿಂದ ಸೆಕ್ಷನ್ನಿಗೆ ನಡೆಯುವಾಗ, ಹಂಚಿನಾಳ ಸರ್, ಒಂದು ಮಾತು ಹೇಳೋದಿತ್ತು ಎಂದು ಶುರುಮಾಡಿದೆ. ಅವರು ನಿಲ್ಲದೆ ನಡೆಯುತ್ತಲೇ, “ನಾನೂ ಹೇಳ್ಬೇಕಂದಿದ್ದೆ ನೋಡ್ರಿ. ಮೊಳಕಾಲಿಗೆ ಡಾಕ್ಟರು ದಿನಾ ನಡೀಬೇಕು ಅಂದಾರ. ಸೋಮವಾರದಿಂದ ಬಸ್ ಸ್ಟಾಪ್ ತನಕ ನಡದು ಬಸ್ಸಿಗೇ ಬರ್ತೀನಿ. ನೀವು ಬ್ಯಾರೆ ತಿಳ್ಕೋಬ್ಯಾಡ್ರಿ” ಎಂದರು.

ಮನುಷ್ಯನಾದವನು ಅಲ್ಲಿಗೆ ಬಾಯಿ ಮುಚ್ಚಬೇಕು. ನಾನು ಮುಚ್ಚಲಿಲ್ಲ. ಯಾವ ಡಾಕ್ಟರು, ಯಾವ ಕಾಲು ಎಂದು ವಿಚಾರಿಸಿದೆ. ರಾಮದಾಸಪೇಠಿನಲ್ಲಿ ಮೂಳೆಯ ಒಳ್ಳೆಯ ಆಸ್ಪತ್ರೆ ಇದೆ, ತೋರಿಸಿ ಎಂದೆ. ಮಲಗುವಾಗ ಎಳ್ಳೆಣ್ಣೆ ತಿಕ್ಕಿ ಎಂದೆ. ಅವರು ಎಲ್ಲಕ್ಕೂ ಆತ್ರಿ, ಆತ್ರಿ ಎಂದರು. ನನಗೆ ಆದದ್ದು ದುಃಖವಲ್ಲ, ಬಿಡುಗಡೆ. ಹೇಳಬೇಕಾದದ್ದನ್ನು ಹೇಳದೆಯೇ ಕೆಲಸ ಮುಗಿದಿತ್ತು. ಸಂಜೆ ರಾವ್ ಅವರಿಗೆ ಮೊಳಕಾಲಿನ ಸುದ್ದಿ ಹೇಳಿದಾಗ ಅವರು, ವಯಸ್ಸಾಗ್ತಿದ್ದ ಹಾಗೆ ನಡಿಗೆ ಒಳ್ಳೇದೇ ಎಂದರು.

ಆ ವರ್ಷದ ಮಳೆಗಾಲದಲ್ಲಿ ಒಂದು ದಿನ ಉಳಿದವರೆಲ್ಲ ರಜೆ ಹಾಕಿದ್ದರಿಂದ ನಾನೊಬ್ಬನೇ ಹೊರಟಿದ್ದೆ. ಬಸ್ ಸ್ಟಾಪಿನಲ್ಲಿ ಹಂಚಿನಾಳರು ಅರ್ಧ ನೆನೆದು ನಿಂತಿದ್ದರು. ನಿಲ್ಲಿಸಿ, ಬರ್ರಿ ಸರ್, ಗಾಡಿ ಖಾಲಿ ಐತಿ ಎಂದೆ. ಅವರು ಕಿಟಕಿಯ ಹತ್ತಿರ ಬಗ್ಗಿ ನಕ್ಕರು.

“ಬ್ಯಾಡ್ರಿ. ಬಸ್ಸಿನ ಪಾಸ್ ತಗೊಂಡೀನಿ. ಕಿಡಕಿ ಹಂತ್ಯಾಕ ಕಾಲು ಚಾಚಿ ಕುಂದರ್ತೀನಿ. ತಲಿ ಕೆಟ್ರ ಕಂಡಕ್ಟರ್ ಕೂಡ ಜಗಳಾನೂ ತಗೀತೀನಿ. ನಿಮ್ಮ ಗಾಡ್ಯಾಗ ಅದು ಆಗ್ತಿದ್ದಿಲ್ರಿ.”

ತಮಾಷೆ ಮಾಡಿದರು ಎಂದುಕೊಂಡೆ. ಮರುದಿನ ಕಾರಿನಲ್ಲಿ ಅದನ್ನು ಹೇಳಿದೆ, ನಾಲ್ವರೂ ನಕ್ಕೆವು. ಅವರು ಹೋದ ಮೇಲೆ ಸಿಗ್ನಲ್ಲು ಹೇಳುವವರು ಇಲ್ಲದೆ ಪ್ರತಿ ಚೌಕಿನಲ್ಲೂ ನಿಲ್ಲುತ್ತಿದ್ದೆವು. ಪಾಟೀಲನಿಗೆ ಸೆಖೆ ತಡೆಯುವುದಿಲ್ಲವಾದ್ದರಿಂದ ಎಸಿ ಮಾರ್ಚಿಗೇ ಶುರುವಾಯಿತು. ಪೆಟ್ರೋಲ್ ಉಳಿದದ್ದು ಎಷ್ಟೋ ನನಗೆ ಗೊತ್ತಿಲ್ಲ, ರಾವ್ ಕೂಡ ಆ ಮಾತು ತೆಗೆಯುವುದನ್ನು ಬಿಟ್ಟರು. ಒಬ್ಬರ ನಿವೃತ್ತಿ, ಒಬ್ಬರ ವರ್ಗ ಎಂದು ಪಾಳಿಯೂ ನಿಂತುಹೋಯಿತು. ಹಂಚಿನಾಳರು ನಿವೃತ್ತರಾಗಿ ಹುಬ್ಬಳ್ಳಿಯಲ್ಲಿ ಮಗಳ ಮನೆಯ ಹತ್ತಿರ ಇದ್ದಾರೆ. ದೀಪಾವಳಿಗೆ ಶುಭಾಶಯ ಕಳಿಸುತ್ತಾರೆ. ಮೊಳಕಾಲಿನ ವಿಷಯ ನಾನು ಕೇಳಿಲ್ಲ.

ಈಗ ನನ್ನ ಕಾರಿನಲ್ಲಿ ಸುಮಾ ಎಂಬ ಹುಡುಗಿ ಬರುತ್ತಾಳೆ. ಹಾವೇರಿಯವಳು, ಡಿಸೈನ್ ಸೆಕ್ಷನ್ನಿಗೆ ಬಂದು ಮೂರು ತಿಂಗಳಾಯಿತು. ಮೆಟ್ರೋ ಇಳಿದ ಮೇಲೆ ಶೇರ್ ಆಟೋಗಾಗಿ ಪರದಾಡುತ್ತಿದ್ದವಳನ್ನು ನಾನೇ ಕರೆದದ್ದು. ತಿಂಗಳು ಮುಗಿದಾಗ ಮೊಬೈಲ್ ಕೈಯಲ್ಲಿ ಹಿಡಿದು, ಪೆಟ್ರೋಲಿಂದು ಎಷ್ಟು ಕಳಿಸ್ಲಿ ಸರ್ ಎಂದು ಎರಡು ಸಲ ಕೇಳಿದ್ದಳು. ನಮ್ಮವರಿಂದ ರೊಕ್ಕ ತಗೊಂಡ್ರ ಹೆಂಗ ಎಂದು ಎರಡು ಸಲವೂ ದೊಡ್ಡ ಮನಸ್ಸು ತೋರಿಸಿದ್ದೆ. ಅದೇ ಮಾತು, ಅದೇ ಕೈಯಲ್ಲಾಟ. ಹಲ್ಲುಜ್ಜುತ್ತ ನಿಂತ ದಿನ ಅದೂ ನೆನಪಾಯಿತು. ಅವಳು ಅಲ್ಲಿಯ ತನಕ ಎಸಿಯ ಗುಂಡಿ ಮುಟ್ಟಿದವಳಲ್ಲ. ನಾನು ಎಷ್ಟು ತಡಮಾಡಿದರೂ ಪರವಾಗಿಲ್ಲ ಸರ್, ನಾನೂ ಈಗಷ್ಟೇ ಬಂದೆ ಎನ್ನುತ್ತಿದ್ದಳು.

ಈ ತಿಂಗಳ ಮೊದಲ ದಿನ ಅವಳು ಕೇಳುವ ಮುಂಚೆ ನಾನೇ ಪೆಟ್ರೋಲಿನ ಹಣ ಕೇಳಿದೆ. ಅರ್ಧಕ್ಕರ್ಧ ಎಂದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು, ಮುದುಕನಿಗೆ ಏನಾಯಿತು ಎಂಬಂತೆ. ಆಮೇಲೆ ಅಲ್ಲೇ ಕೂತು ಕಳಿಸಿದಳು. ನನಗೂ ನಾಚಿಕೆಯಾಗದೆ ಇರಲಿಲ್ಲ.

ನಿನ್ನೆ ಕನ್ನಡಕ ಹುಡುಕುತ್ತ ಹೊರಡುವುದು ತಡವಾಯಿತು. ಫೋನು ಬಂತು. “ಸರ್, ಹತ್ತು ನಿಮಿಷ ಆತು, ಬಿಸಿಲಾಗ ನಿಂತೀನಿ. ಲೇಟ್ ಆಗೋದಿದ್ರ ಮೊದ್ಲೇ ಹೇಳ್ಬೇಕಲ್ರಿ” ಎಂದಳು. ಹೋಗಿ ತಪ್ಪಾಯಿತು ಎಂದೆ. ಅವಳು ಸೀಟು ಹಿಂದಕ್ಕೆ ಸರಿಸಿ, ಎಸಿ ಜೋರು ಮಾಡಿ, ಹಿಂಗಣಾ ಬರುವ ತನಕ ಮುಖ ಊದಿಸಿಕೊಂಡು ಕೂತಳು. ಅರ್ಧ ಪೆಟ್ರೋಲು ಅವಳದು, ನಾನು ಓಡಿಸಿದೆ. ಹಂಚಿನಾಳರು ನಾಲ್ಕು ವರ್ಷದಲ್ಲಿ ಒಂದು ದಿನವೂ ನನ್ನ ಕಾರಿನಲ್ಲಿ ಮುನಿಸಿಕೊಂಡಿರಲಿಲ್ಲ.