ಡೆಹ್ರಾಡೂನಿಗೆ ಬುಕ್ ಆದ ವಿಭೂತಿ

ಗೆಳೆಯರೇ, ಇವತ್ತು ಮುಂಜಾನೆ ದೆಹಲಿ ವಿಮಾನ ನಿಲ್ದಾಣದಲ್ಲಿ ನನ್ನ ಸೊಕ್ಕು ಇಳಿಯಿತು. ಇಳಿಸಿದವಳು ಮಾದನಹಿಪ್ಪರಗಾದ ನಮ್ಮ ದೊಡ್ಡವ್ವ.

ವಿಮಾನದಲ್ಲಿ ಓಡಾಡಿ ಕೂಡಿಸಿದ ಪಾಯಿಂಟುಗಳನ್ನೆಲ್ಲ ಕೊಟ್ಟು ಪುಕ್ಕಟೆ ಟಿಕೆಟ್ ಮಾಡಿಸಿದೆನೆಂದು ಕೊಚ್ಚಿಕೊಳ್ಳುತ್ತ, ಅವಳನ್ನು ಡೆಹ್ರಾಡೂನಿನಲ್ಲಿರುವ ಮಗಳ ಮನೆಗೆ ಕರೆದೊಯ್ಯುತ್ತಿದ್ದೇನೆ. ಪುಕ್ಕಟೆ ಸೀಟು ಸಿಕ್ಕಿದ್ದು ನಿನ್ನೆ ಸಂಜೆ ಹೈದರಾಬಾದಿನಿಂದ ದೆಹಲಿಗೆ, ಇವತ್ತು ಮುಂಜಾನೆ ಅಲ್ಲಿಂದ ಮುಂದಕ್ಕೆ. ನಡುವೆ ಹೊರುವುದೇಕೆಂದು ದೊಡ್ಡ ಬ್ಯಾಗನ್ನು ಹೈದರಾಬಾದಿನಲ್ಲೇ ನೇರ ಡೆಹ್ರಾಡೂನಿಗೆ ಹಾಕಿಬಿಟ್ಟೆ. ಅವಳ ವಿಭೂತಿ ಗಟ್ಟಿ ಅದರೊಳಗಿತ್ತು.

ದೊಡ್ಡವ್ವ ವಿಭೂತಿ ಹಚ್ಚಿ ಲಿಂಗಪೂಜೆ ಮಾಡದೆ ಬಾಯಿಗೆ ಏನೂ ಹಾಕುವವಳಲ್ಲ. ಅದರ ಮೇಲೆ ಸಕ್ಕರೆ ಕಾಯಿಲೆ ಬೇರೆ. ನಾನು ಕೌಂಟರಿಗೆ ಓಡಿದೆ. ಬ್ಯಾಗು ಇನ್ನು ಡೆಹ್ರಾಡೂನಿನಲ್ಲೇ ಸಿಗುವುದು ಎಂದರು. ಒಂದು ವಿಭೂತಿ ಗಟ್ಟಿ ತೆಗೆದುಕೊಡಲು ಆಗುವುದಿಲ್ಲವೇ ಎಂದು ದನಿ ಏರಿಸಿದೆ.

ಹಿಂದಿನಿಂದ ದೊಡ್ಡವ್ವ ಕರೆದಳು: “ಏ ತಮ್ಮಾ, ಯಾಕ ಒದರಾಕತ್ತಿ? ಬಾ ಇಲ್ಲಿ.”

ತಿರುಗಿ ನೋಡಿದರೆ, ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತು, ಕೊರಳಿನ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡಿದ್ದಾಳೆ. ಲಿಂಗಕ್ಕೆ ಸುತ್ತಿದ್ದ ಹಳೆಯ ಬಟ್ಟೆಯನ್ನು ಬಲಗೈಯಿಂದ ಮೆಲ್ಲಗೆ ಉಜ್ಜಿದಳು. ಎಳೆಗಳಲ್ಲಿ ಕೂತಿದ್ದ ವಿಭೂತಿ ಬೆರಳಿಗೆ ಬಂತು. ಲಿಂಗಕ್ಕೆ ಆಯಿತು, ಅವಳ ಹಣೆಗೆ ಆಯಿತು, ನನ್ನ ಹಣೆಗೂ ಉಳಿಯಿತು.

ಪೂಜೆ ಮುಗಿಸಿ, ಕೈಚೀಲದ ಖಡಕ್ ರೊಟ್ಟಿ ಮುರಿಯುತ್ತ ಕೇಳಿದಳು: “ನಿನ್ನ ಪಾಯಿಂಟು ಎಷ್ಟ ವರ್ಷ ಕೂಡಿಸಿದ್ದಿ?”

“ನಾಲ್ಕು ವರ್ಷ, ದೊಡ್ಡವ್ವ.”

“ಒಂದೇ ಸಲಕ್ಕ ಮುಗದ್ವಲ್ಲೋ!” ಲಿಂಗದ ಬಟ್ಟೆ ಮುಟ್ಟಿ ತೋರಿಸಿದಳು. “ನಂದು ಈ ಅರಿವ್ಯಾಗ ಇನ್ನೂ ಅದ.”